ಚಿಕ್ಕಿ ಒತ್ತಿದ ಜಾಹೀರಾತು

ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಯಾರು ಕೂರುತ್ತಾರೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ಕುಳಿತವರು ಉಪ್ಪಿನಕಾಯಿ ಬಡಿಸುವ ಹೊತ್ತಿಗೆ ಊರು ಕೇಳುತ್ತಾರೆ, ಪಲ್ಯದ ಹೊತ್ತಿಗೆ ಮಕ್ಕಳೆಷ್ಟು ಎಂದು ಕೇಳುತ್ತಾರೆ, ಅನ್ನ ಬರುವುದರೊಳಗೆ "ಈಗ ಎಂತ ಮಾಡ್ಕಂಡ್ ಇದ್ರಿ?" ಎಂಬಲ್ಲಿಗೆ ಬಂದು ಮುಟ್ಟುತ್ತಾರೆ. ಮೊದಲೆಲ್ಲ ನಾನು ಕುಂದಾಪುರದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದೇನೆ ಎಂದು ಹೇಳಿ ನಿಶ್ಚಿಂತೆಯಿಂದ ಸಾರಿಗೆ ಕೈ ಹಾಕುತ್ತಿದ್ದೆ. ಈಗ "ಬ್ಲಾಗ್ ಬರೆಯುತ್ತೇನೆ" ಎನ್ನುತ್ತೇನೆ. ಕೇಳಿದವರು "ಅದ್ ಸರಿ, ಹೊಟ್ಟಿಗ್ ಎಂತ ಮಾಡ್ತ್ರಿ?" ಎನ್ನುತ್ತಾರೆ. ಓದುವವರಿಂದ ಒಂದು ಪೈಸೆಯೂ ತೆಗೆದುಕೊಳ್ಳದೆ, ಅದರಿಂದಲೇ ಬದುಕುವ ಉದ್ಯೋಗ ನನ್ನದು ಎಂದು ಹೇಳಿದರೆ ಅವರು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಲು ಬಡಿಸುವವರಿಗೆ ಕಣ್ಸನ್ನೆ ಮಾಡುತ್ತಾರೆ. ಪಾಪ, ಮನೆಯಲ್ಲಿ ಏನಿದೆಯೋ ಏನಿಲ್ಲವೋ ಎಂಬ ಭಾವ. ಹೋಳಿಗೆಯನ್ನು ನಾನು ಬೇಡ ಎಂದದ್ದಿಲ್ಲ.

ಪ್ರೆಸ್ಸಿನಲ್ಲಿ ನನ್ನ ಕೆಲಸ ಮದುವೆ ಕಾಗದ, ಅಂದರೆ ಆಮಂತ್ರಣ ಪತ್ರಿಕೆ, ಜೋಡಿಸುವುದಾಗಿತ್ತು. ಯಾರ ಹೆಸರಿನ ಮೇಲೆ ಯಾರ ಹೆಸರು ಬರಬೇಕು, ಸೋದರಮಾವನನ್ನು ಎಲ್ಲಿ ಕೂರಿಸಬೇಕು, ಮುಂಬಯಿಯಲ್ಲಿ ಕ್ಯಾಂಟೀನು ಇಟ್ಟವರನ್ನು ಎಲ್ಲಿ ಸೇರಿಸಿದರೆ ಜಗಳವಾಗುವುದಿಲ್ಲ ಎಂಬ ವಿದ್ಯೆ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಬಳಗದ ಕಾಗದಗಳನ್ನೆಲ್ಲ ನಾನೇ ಬರೆದುಕೊಡುತ್ತಿದ್ದೆ. ಗೃಹಪ್ರವೇಶವಿರಲಿ, ಸತ್ತವರ ಬೊಜ್ಜದ ಊಟವಿರಲಿ, ನೆಂಟರಿಂದ ಬರವಣಿಗೆಯ ಕೂಲಿ ಕೇಳುವುದುಂಟೆ? ಆಮೇಲೆ ಜನ ಕಾಗದವನ್ನು ಫೋನಿನಲ್ಲೇ ಕಳಿಸತೊಡಗಿದರು. ಪ್ರೆಸ್ಸಿನ ಯಜಮಾನರು ಮೊದಲು ಮಧ್ಯಾಹ್ನದ ಮೇಲೆ ಬಾಗಿಲು ಹಾಕಿದರು, ಆಮೇಲೆ ಬೆಳಿಗ್ಗೆ ತೆಗೆಯುವುದನ್ನೂ ಬಿಟ್ಟರು. ನಾನು ಬೈಂದೂರು ಹತ್ತಿರದ ಯಡ್ತರೆಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಬ್ಲಾಗ್ ಶುರು ಮಾಡಿದೆ. ಮುರಕಲ್ಲಿನ ಕೆಂಪು ನೆಲದಲ್ಲಿ ಬಾವಿ ಅಗೆಯುವವರು ನೀರಿನ ಜಾಗ ಹೇಗೆ ನೋಡುತ್ತಾರೆ, ಕೋಟದ ಕಡೆಯವರ ಸಾಂಬಾರಿಗೂ ಬೈಂದೂರು ಕಡೆಯವರ ಸಾಂಬಾರಿಗೂ ಬೆಲ್ಲದ ವಿಷಯದಲ್ಲಿ ಏಕೆ ಹೊಂದುವುದಿಲ್ಲ, ಬ್ರಹ್ಮಾವರದ ಬಸ್ಸು ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದೆ ಹೋಗಿ ಏಕೆ ನಿಲ್ಲುತ್ತದೆ, ಇಂಥವೇ. ಜಾಹೀರಾತಿನ ಕಂಪನಿಯೊಂದು ನನ್ನ ಬರಹಗಳ ನಡುವೆ ಜಾಹೀರಾತು ಹಾಕಲು ಒಪ್ಪಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಹೆಂಡತಿ ಸುಮತಿ ಬೈಂದೂರಿನ ಶಾಲೆಯಲ್ಲಿ ಟೀಚರ್. ಮನೆ ನಡೆಯುವುದು ಅವಳ ಸಂಬಳದಲ್ಲಿ. ಅವಳು ನನಗೆ ಒಂದು ಮಾತೂ ಅನ್ನಲಿಲ್ಲ, ಒಂದು ಗಡುವು ಮಾತ್ರ ಕೊಟ್ಟಳು. ಮುಂದಿನ ಬೇಸಿಗೆ ರಜೆ ಕಳೆದು ಶಾಲೆ ಶುರುವಾಗುವುದರೊಳಗೆ ಬ್ಲಾಗು ತನ್ನ ಕಾಲ ಮೇಲೆ ನಿಲ್ಲಬೇಕು. ಇಲ್ಲವಾದರೆ ನಾನು ಬ್ರಹ್ಮಾವರದಲ್ಲಿರುವ ಅವಳ ಅಣ್ಣನ ಪೈಪಿನ ಅಂಗಡಿಯಲ್ಲಿ ಕೂರಬೇಕು. ಬಾವ ಒಳ್ಳೆಯವರು, ತೊಂದರೆ ಅದೇ. ನನಗಾಗಿ ಫ್ಯಾನಿನ ಅಡಿಯಲ್ಲಿ ಒಂದು ಕುರ್ಚಿ ತರಿಸಿ, ಅದಕ್ಕೊಂದು ದಿಂಬೂ ಇಡಿಸಿ, ಸಿಕ್ಕಾಗಲೆಲ್ಲ "ಯಾವಾಗ ಬಪ್ಪುದ್ ಬಾವ? ಕುರ್ಚಿ ಹಾಂಗೇ ಇತ್ತ್" ಎನ್ನುತ್ತಿದ್ದರು. ಹಿಂದೊಮ್ಮೆ ಅವರು ಬ್ಯಾಂಕಿಗೆ ಹೋಗುವಾಗ ನನ್ನನ್ನು ಅಂಗಡಿಯಲ್ಲಿ ಕೂರಿಸಿದ್ದರು. ಗಿರಾಕಿ ಪೈಪಿನ ತಿರುವಿಗೆ ಹಾಕುವ ಎಲ್ಬೋ ಕೇಳಿದ, ನಾನು ನೋಡಲು ಚೆಂದ ಕಂಡ ಇನ್ನೊಂದನ್ನು ಕೊಟ್ಟೆ. ಸಂಜೆ ಅವನು ತೊಯ್ದ ಅಂಗಿಯಲ್ಲೇ ವಾಪಸು ಬಂದು ಬಾಗಿಲಲ್ಲಿ ನಿಂತ. ಅಂದಿನಿಂದ ಪೈಪು ಕಂಡರೆ ನಾನು ರಸ್ತೆಯ ಆಚೆ ಬದಿಗೆ ಹೋಗುತ್ತೇನೆ.

ಹೀಗಿರುವಾಗ ಕೋಟದಲ್ಲಿ ಅಕ್ಕನ ಮಗನ ಗೃಹಪ್ರವೇಶ. ಊಟ ಮುಗಿದು ಎಲೆಯಡಿಕೆಯ ಹೊತ್ತಿನಲ್ಲಿ ಉಪ್ಪುಂದದ ಚಿಕ್ಕಿ, ಅಂದರೆ ನನ್ನ ತಾಯಿಯ ತಂಗಿ, ನನ್ನನ್ನು ಹತ್ತಿರ ಕರೆದರು. ಚಿಕ್ಕಿಗೆ ಮಾತೂ ಜೋರು, ಪ್ರೀತಿಯೂ ಜೋರು. "ಹ್ವಾಯ್, ನೀನ್ ಅದೆಂತದೋ ಬರೀತ್ಯಂಬ್ರಲ್ಲ, ಅದ್ರಂಗ್ ದುಡ್ಡ್ ಹ್ಯಾಂಗ್ ಬಪ್ಪುದ್?" ಎಂದು ಕೇಳಿದರು. ಸುತ್ತ ಬಳಗದ ಹೆಂಗಸರೆಲ್ಲ ಇದ್ದರು. ನನಗೆ ವಿವರಿಸುವ ಉಮೇದು ಬಂತು. ಬರಹದ ನಡುವೆ ಜಾಹೀರಾತು ಬರುತ್ತದೆ, ಯಾರಾದರೂ ಅದನ್ನು ಒತ್ತಿದರೆ ಕಂಪನಿ ನನಗೊಂದಿಷ್ಟು ಕೊಡುತ್ತದೆ ಎಂದೆ. ಒತ್ತಿದವರ ಕೈಯಿಂದ ಏನಾದರೂ ಹೋಗುತ್ತದಾ ಎಂದು ಚಿಕ್ಕಿ ಕೇಳಿದರು. ಏನೂ ಹೋಗುವುದಿಲ್ಲ ಎಂದೆ. ಚಿಕ್ಕಿ ಸುತ್ತ ಕುಳಿತವರ ಮುಖವನ್ನು ಒಂದೊಂದಾಗಿ ನೋಡಿ ಅಡಿಕೆ ಕತ್ತರಿಸತೊಡಗಿದರು. ಆ ನೋಟ ನನಗೆ ಆಗಲೇ ಅರ್ಥವಾಗಬೇಕಿತ್ತು.

ನಮ್ಮಲ್ಲಿ ಮುಯ್ಯಿ ಎಂಬುದೊಂದಿದೆ. ನಿಮ್ಮ ಮನೆಯ ಕಾರ್ಯಕ್ಕೆ ಅವರು ಬಂದು ಏನು ಮಾಡಿದರೋ ಅದನ್ನು ಅವರ ಮನೆಯ ಕಾರ್ಯದಲ್ಲಿ ನೀವು ತೀರಿಸಬೇಕು. ಗಂಡಸರು ಮರೆಯಬಹುದು, ಹೆಂಗಸರು ಮರೆಯುವುದಿಲ್ಲ. ಇಷ್ಟು ವರ್ಷ ಅವರ ಮನೆಗಳ ಕಾಗದಗಳನ್ನೆಲ್ಲ ನಾನು ಬಿಟ್ಟಿ ಬರೆದುಕೊಟ್ಟಿದ್ದೆ. ನನಗೆ ತಿರುಗಿ ಏನು ಮಾಡುವುದೆಂದು ತಿಳಿಯದೆ ಅವರೆಲ್ಲ ಒಳಗೊಳಗೇ ಬೇಯುತ್ತಿದ್ದರಂತೆ. ನನಗೆ ಮಗಳಿಲ್ಲ ಮದುವೆ ಮಾಡಲು, ಹೊಸ ಮನೆ ಕಟ್ಟುವ ತಾಕತ್ತಿಲ್ಲ. ಈಗ ನಾನೇ ಬಾಯಿಬಿಟ್ಟು, ಕೈಯಿಂದ ಏನೂ ಹೋಗದ ಮುಯ್ಯಿಯೊಂದನ್ನು ತೋರಿಸಿಕೊಟ್ಟಿದ್ದೆ.

ಮರುವಾರದಿಂದ ನನ್ನ ಬ್ಲಾಗಿನ ಅಂಕಿಗಳು ಏರತೊಡಗಿದವು. ಆ ಹೊತ್ತಿಗೆ ನಾನು ಮುರಕಲ್ಲಿನ ಬಾವಿಯ ಬಗ್ಗೆ ಬರೆದಿದ್ದೆ. ಅದೇ ಕಾರಣವೆಂದು ನಂಬಿದೆ. ಮತ್ತೆರಡು ಬಾವಿ ಬರೆದೆ, ಮತ್ತೂ ಏರಿತು. ಕನ್ನಡದ ಓದುಗರು ಎಚ್ಚೆತ್ತಿದ್ದಾರೆ ಎಂದು ಸುಮತಿಗೆ ಹೇಳಿದೆ. ಪೇಟೆಗೆ ಹೋಗುವಾಗ ಇಸ್ತ್ರಿ ಮಾಡಿದ ಅಂಗಿ ಹಾಕತೊಡಗಿದೆ. ಬಾವನಿಗೆ ಫೋನ್ ಮಾಡಿ, ಕುರ್ಚಿ ಬೇರೆ ಯಾರಿಗಾದರೂ ಕೊಡಬಹುದು ಎಂದೆ. ಅವರು ಸಂತೋಷದಿಂದಲೇ "ಹೌದಾ, ಭಾರಿ ಖುಷಿ ಆಯ್ತ್" ಎಂದರು, ಆದರೆ ಕುರ್ಚಿಯನ್ನು ಯಾರಿಗೂ ಕೊಡಲಿಲ್ಲ. ಬಸ್ಸಿನಲ್ಲಿ ಸಿಕ್ಕಿದ ಪರಿಚಯದವರೊಬ್ಬರಿಗೆ, ಓದುಗನ ಮನಸ್ಸು ಅರಿತು ಬರೆಯುವುದು ಹೇಗೆಂದು ಕುಂದಾಪುರದಿಂದ ಕೋಟದವರೆಗೂ ಹೇಳಿದೆ. ಅವರು ಇಳಿಯಬೇಕಾದದ್ದು ಅದಕ್ಕಿಂತ ಎಷ್ಟೋ ಮೊದಲು ಎಂದು ಆಮೇಲೆ ತಿಳಿಯಿತು.

ಅಷ್ಟರಲ್ಲಿ ಕಂಪನಿಯಿಂದ ಪತ್ರ ಬಂತು. ನಿಮ್ಮ ಪುಟದಲ್ಲಿ ಜಾಹೀರಾತುಗಳನ್ನು ಸಹಜವಲ್ಲದ ರೀತಿಯಲ್ಲಿ ಒತ್ತಲಾಗುತ್ತಿದೆ, ಖಾತೆಯನ್ನು ತಡೆಹಿಡಿದಿದ್ದೇವೆ, ಹೇಳುವುದಿದ್ದರೆ ಹೇಳಿ ಎಂದಿತ್ತು. ಯಾರೋ ಹೊಟ್ಟೆಕಿಚ್ಚಿನವರು ನನ್ನ ಏಳಿಗೆ ಸಹಿಸದೆ ಮಾಡಿಸಿದ್ದಾರೆ ಎಂದು ಕೂಗಾಡಿದೆ. ಸಾಂಬಾರಿನ ಬೆಲ್ಲದ ವಿಷಯದಲ್ಲಿ ವಾದಕ್ಕೆ ಬಂದಿದ್ದ ಒಬ್ಬರ ಮೇಲೆ ನನಗೆ ಗುಮಾನಿಯೂ ಇತ್ತು. ಸುಮತಿ ಪರೀಕ್ಷೆಯ ಪೇಪರು ತಿದ್ದುತ್ತಿದ್ದವಳು ತಲೆ ಎತ್ತಿ, "ನಿಮ್ಗ್ ಗೊತ್ತಿಲ್ಯಾ? ಉಪ್ಪುಂದದ ಚಿಕ್ಕಿ ದಿನಾ ಒತ್ತುತ್ರಲ್ದಾ. ಬೇರೆಯವ್ರ್ ಹತ್ರವೂ ಒತ್ತಿಸ್ತಾ ಇದ್ರ್" ಎಂದಳು. ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ. "ನೀವ್ ಬಾವಿ ಬರ್ದದ್ದಕ್ಕೇ ಅಂಕಿ ಏರಿತ್ ಅಂತ ಖುಷೀಲ್ ಇದ್ರಿ. ನಂಗ್ ಹೇಳುಕ್ ಮನ್ಸ್ ಬರ್ಲಿಲ್ಲ" ಎಂದು ಮತ್ತೆ ಪೇಪರಿಗೆ ಕೈ ಹಾಕಿದಳು. ಗಡುವಿಗೆ ಇನ್ನು ಉಳಿದದ್ದು ಬೇಸಿಗೆ ರಜೆಯಷ್ಟೇ.

ಮರುದಿನವೇ ಉಪ್ಪುಂದಕ್ಕೆ ಹೋದೆ. ಚಿಕ್ಕಿ ಜಗಲಿಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು.

"ಬಾ ಮಗಾ. ದುಡ್ಡ್ ಲಾಯ್ಕ್ ಬತ್ತಿತ್ತಾ?"

"ಬಪ್ಪುದ್ ನಿಂತಿತ್ ಚಿಕ್ಕಿ."

"ಎಂತಕೆ? ನಾನ್ ಒಂದ್ ದಿನವೂ ತಪ್ಸಲಿಲ್ಲೆ ಕಾಣ್. ಜ್ವರ ಬಂದಾಗ್ಳೂ ಒತ್ತಿದ್ದೆ."

"ಒತ್ತಿದ್ದೇ ತಪ್ಪಂಬ್ರ್. ಅವ್ರಿಗ್ ಗೊತ್ತಾಯ್ತ್."

"ಗೊತ್ತಾರೆ ಎಂತ? ನಾನ್ ಕದ್ದ್ ಒತ್ತಿದ್ನಾ? ಹಗಲಿಗೇ, ಇದೇ ಜಗಲಿಯಂಗ್ ಕೂಕಂಡ್ ಒತ್ತಿದ್ದ್."

ನಾನು ತಾಳ್ಮೆಯಿಂದ ವಿವರಿಸಿದೆ. ಒತ್ತಿದವರಿಗೆ ಸಾಮಾನು ಬೇಕಾಗಿದೆ ಎಂದು ನಂಬಿ ಅಂಗಡಿಯವನು ಕಂಪನಿಗೆ ದುಡ್ಡು ಕೊಡುತ್ತಾನೆ, ಅದರಲ್ಲೊಂದು ಪಾಲು ನನಗೆ ಬರುತ್ತದೆ ಎಂದೆ. ಚಿಕ್ಕಿಯ ಮುಖ ಸಣ್ಣದಾಯಿತು. ಅವರು ಟ್ರ್ಯಾಕ್ಟರಿನ ಜಾಹೀರಾತು ಒತ್ತಿ, ಕೆಳಗೆ ಕೇಳಿದ ಕಡೆ ಮೊಮ್ಮಗಳ ಹತ್ತಿರ ಫೋನ್ ನಂಬರನ್ನೂ ತುಂಬಿಸಿದ್ದರಿಂದ ಅಲ್ಲಿಂದ ಒಬ್ಬ ಫೋನ್ ಮಾಡಿ ಯಾವ ಟ್ರ್ಯಾಕ್ಟರು ಬೇಕು ಅಜ್ಜಿ ಎಂದು ಕೇಳಿದ್ದನಂತೆ. ಮದುವೆ ಸಂಬಂಧ ಕೂಡಿಸುವವರು ಹುಡುಗಿ ಏನು ಓದಿದ್ದಾಳೆಂದು ವಿಚಾರಿಸಿದ್ದರಂತೆ. "ಕಂಪ್ನಿಯ ದುಡ್ಡ್ ಅಂದೇಳಿ ಮಾಡಿದ್ದೆ ನಾನ್. ಆ ಟ್ರ್ಯಾಕ್ಟರಿನವ ಪಾಪ, ಅಜ್ಜಿ ಅಜ್ಜಿ ಅಂದೇಳಿ ಮಾತಾಡ್ದ. ಹಾಂಗಾರೆ ಅವ್ನ್ ಹತ್ರ ಎಂತಾರೂ ತಕಣ್ಕಾ?" ಎಂದು ಕೇಳಿದರು. ಟ್ರ್ಯಾಕ್ಟರು ಬೇಡ ಚಿಕ್ಕಿ ಎಂದೆ.

"ಹಾಂಗಾರೆ ನಾವ್ ನಿಂಗ್ ಎಂತ ಮಾಡುದ್?" ಎಂದು ಕೇಳಿದಾಗ ಅವರ ದನಿಯಲ್ಲಿ ನಿಜವಾದ ಬೇಸರವಿತ್ತು. ನಮ್ಮ ಮುಯ್ಯಿ ಬೇಡ ಎಂದು ಮುಖಕ್ಕೆ ಹೇಳುವುದು ನಮ್ಮ ಕಡೆ ಸಣ್ಣ ಮಾತಲ್ಲ. "ಜಾಹೀರಾತು ಮುಟ್ಟುದ್ ಬ್ಯಾಡ ಚಿಕ್ಕಿ. ನಾನು ಬರ್ದದ್ದನ್ನ್ ಓದಿರೆ ಸಾಕ್. ಅದೇ ನಂಗ್ ದೊಡ್ಡ ಮುಯ್ಯಿ" ಎಂದೆ. ಈ ಮಾತು ನನಗೇ ಬಹಳ ಚೆನ್ನಾಗಿ ಕೇಳಿಸಿತು.

ಚಿಕ್ಕಿ ಹುಣಸೆಹಣ್ಣನ್ನು ಕೆಳಗಿಟ್ಟರು. "ಓದುದಾ? ಓದುಕ್ ಪುರ್ಸೊತ್ ಯಾರಿಗಿತ್ ಮಗಾ? ಒತ್ತುದಾರೆ ಒಂದ್ ಕ್ಷಣಕ್ಕ್ ಆತ್ತ್. ಅದಕ್ಕೂ ನೀನ್ ಬಿಡುದಿಲ್ಲೆ. ಒಂದ್ ಜಾಹೀರಾತ್ ಸಿಕ್ಕುಕ್ ಎಷ್ಟ್ ಕೆಳಗ್ ಹೋಯ್ಕ್ ಗೊತ್ತಿತ್ತಾ ನಿಂಗೆ? ಎಲ್ಲಿ ಕಂಡ್ರೂ ನೀನ್ ಬರ್ದದ್ದೇ ಅಡ್ಡ ಬತ್ತಿತ್."

ಬಸ್ಸಿನಲ್ಲಿ ಮನೆಗೆ ಬರುವಾಗ ಆ ಮಾತನ್ನು ಎಷ್ಟು ಬಗೆಯಲ್ಲಿ ತಿರುಗಿಸಿ ನೋಡಿದರೂ ಅದಕ್ಕೆ ಹಿತವಾದ ಅರ್ಥ ಬರಲಿಲ್ಲ. ಮೂರು ಬಾವಿ ಅಗೆದದ್ದು ವ್ಯರ್ಥವಾಗಿತ್ತು.

ಕಂಪನಿಗೆ ಸಮಜಾಯಿಷಿ ಬರೆಯುವ ಕೆಲಸ ಉಳಿದಿತ್ತು. ಒತ್ತಿದವರೆಲ್ಲ ನನ್ನ ಬಂಧುಗಳು, ಅವರಲ್ಲಿ ದುರುದ್ದೇಶವಿಲ್ಲ, ತೆಗೆದುಕೊಂಡದ್ದನ್ನು ತೀರಿಸುವ ಪದ್ಧತಿ ನಮ್ಮಲ್ಲಿದೆ ಎಂದು ಶುರು ಮಾಡಿ, ಮುಯ್ಯಿ ಹೇಗೆ ಹುಟ್ಟಿತು, ಬೆಳೆಯಿತು ಎಂದು ವಿಸ್ತಾರವಾಗಿ ಬರೆದೆ. ಸುಮತಿ ಓದಿ, ಮೊದಲ ನಾಲ್ಕು ಸಾಲು ಉಳಿಸಿ, ಉಳಿದದ್ದಕ್ಕೆಲ್ಲ ಕೆಂಪು ಗೆರೆ ಎಳೆದಳು. "ಅವ್ರಿಗೂ ಓದುಕ್ ಪುರ್ಸೊತ್ತಿಲ್ಲೆ" ಎಂದಳು. ಅದನ್ನೇ ಕಳಿಸಿದೆ. ಬೇಸಿಗೆ ರಜೆ ಮುಗಿಯುತ್ತ ಬಂದಂತೆ ನಾನು ಪೈಪುಗಳ ಹೆಸರು ಬಾಯಿಪಾಠ ಮಾಡಲು ಶುರು ಮಾಡಿದ್ದೆ. ಎಲ್ಬೋದ ಮಟ್ಟಿಗೆ ಈಗ ನನಗೆ ಅನುಮಾನವಿಲ್ಲ. ಶಾಲೆ ಶುರುವಾಗುವ ಹಿಂದಿನ ವಾರ ಕಂಪನಿಯ ಉತ್ತರ ಬಂತು. ಖಾತೆ ತೆರೆದಿದ್ದೇವೆ, ಇನ್ನು ಮುಂದೆ ನೀವಾಗಲಿ, ನಿಮ್ಮ ಮನೆಯವರಾಗಲಿ ಒತ್ತಕೂಡದು, ಬೇರೆಯವರಿಗೆ ಒತ್ತಿ ಎಂದು ಹೇಳಲೂ ಕೂಡದು.

ಚಿಕ್ಕಿ ಸುದ್ದಿ ಮುಟ್ಟಿಸಿದ್ದರಿಂದ ಬಳಗದವರು ನನ್ನ ಮಾತು ನಡೆಸಿಕೊಟ್ಟರು. ನನಗೆ ತೊಂದರೆಯಾಗಬಾರದೆಂದು ಒತ್ತುವುದು ಹೋಗಲಿ, ಬ್ಲಾಗನ್ನು ತೆರೆಯುವುದನ್ನೇ ಬಿಟ್ಟರು. ಅಂಕಿಗಳು ದಡದಡನೆ ಇಳಿದು, ಒಂದು ಕಡೆ ನಿಂತವು. ಅಲ್ಲಿಂದ ಕೆಳಗೆ ಮಾತ್ರ ಹೋಗಲಿಲ್ಲ. ಬ್ರಹ್ಮಾವರದ ಯಾರೋ ಒಬ್ಬರು ಬಸ್ಸು ನಿಲ್ಲುವ ಜಾಗ ಅದಲ್ಲ, ಅದಕ್ಕಿಂತ ಮುಂದೆ ಎಂದು ತಿದ್ದಿದ್ದರು. ಮುಂಬಯಿಯಿಂದ ಒಬ್ಬಾಕೆ, ನಿಮ್ಮ ಬಾವಿಯ ಬರಹ ಓದಿ ತವರಿನ ನೀರು ಕುಡಿದ ಹಾಗಾಯಿತು ಎಂದು ಬರೆದಿದ್ದರು. ಇವರಲ್ಲಿ ಯಾರ ಕಾಗದವನ್ನೂ ನಾನು ಬರೆದುಕೊಟ್ಟವನಲ್ಲ. ಆಕೆ ಬರೆದದ್ದನ್ನು ಓದಿ ನನಗೆ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಸುಮತಿಯೂ ಓದಿದಳು. ಗಡುವಿನ ದಿನ ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಶಾಲೆಗೆ ಹೊರಟು, ಮೆಟ್ಟಿಲ ಹತ್ತಿರ ನಿಂತು, "ಅಣ್ಣಂಗ್ ನಾನ್ ಹೇಳ್ತೆ, ಇನ್ನೊಂದ್ ವರ್ಷ ಕುರ್ಚಿ ಹಾಂಗೇ ಇರ್ಲಿ ಅಂದೇಳಿ" ಎಂದಳು.

ಹೀಗೆ ಇನ್ನೊಂದು ವರ್ಷ ಗಿಟ್ಟಿದ ಖುಷಿಯಲ್ಲಿ ಇದಿಷ್ಟನ್ನು ಬರೆದು ಬ್ಲಾಗಿಗೆ ಹಾಕಿ, ಹೇಗೆ ಕಾಣುತ್ತದೆಂದು ತೆರೆದು ನೋಡಿದೆ. ಕೆಳಗೊಂದು ಜಾಹೀರಾತು ಬಂದು ಕುಳಿತಿತ್ತು: "ಮನೆಯಲ್ಲೇ ಕುಳಿತು ಬ್ಲಾಗ್ ಬರೆದು ಕೈತುಂಬ ಸಂಪಾದಿಸುವುದು ಹೇಗೆ? ಗುಟ್ಟು ತಿಳಿಯಲು ಇಲ್ಲಿ ಒತ್ತಿ." ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಕಡೆ ಸೇರಿಸಿ ಹುಡುಕಿದರೂ ಈ ಗುಟ್ಟು ನನ್ನಷ್ಟು ಬೇಕಾದವನು ಇನ್ನೊಬ್ಬ ಸಿಗಲಾರ. ಬೆರಳು ಹತ್ತಿರದವರೆಗೂ ಹೋಗಿ ನಿಂತಿತು. ಸಂಜೆ ಶಾಲೆಯಿಂದ ಆಗಷ್ಟೇ ಬಂದಿದ್ದ ಸುಮತಿಯ ಕಡೆ ನೋಡಿದೆ. ಅವಳು ತನ್ನ ಫೋನನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದಳು. ನೀವಾದರೂ ಒತ್ತಿ ನೋಡಿ ಎಂದು ನಿಮಗೆ ಹೇಳುವಂತೆಯೂ ಇಲ್ಲ. ನಾನು ಹೇಳುವುದಿಲ್ಲ. ಆದರೆ ನಿಮಗೇ ಮನಸ್ಸು ಬಂದು ತಿಳಿದುಕೊಂಡರೆ, ಒಳಗೆ ಏನು ಬರೆದಿದ್ದಾರೆಂದು ನನಗೂ ಒಂದು ಸಾಲು ತಿಳಿಸಿ.