ಸಾವಕಾರರ ಕಾರು ಕೂತ ದಿನ

ರಾತ್ರಿ ನೆಟ್ಟಗೆ ನಿಂತಿದ್ದ ಕಾರು ಬೆಳಗಾಗುವುದರೊಳಗೆ ಕೂತುಬಿಟ್ಟಿತ್ತು.

ಮುಂದಿನ ಗಾಲಿಗಳೆರಡೂ ಮೈಯೊಳಗೆ ಹೂತುಹೋಗಿ, ಮೂತಿ ನೆಲಕ್ಕೆ ತಾಗಿ, ಹಿಂಭಾಗವೊಂದೇ ಮೇಲೆದ್ದಿತ್ತು. ಬಿದ್ದ ನಾಣ್ಯ ಹುಡುಕುತ್ತಿರುವ ಅಜ್ಜಿಯ ಹಾಗೆ.

ಅಥಣಿಯ ಒಣದ್ರಾಕ್ಷಿ ವ್ಯಾಪಾರಿ ಸಮ್ಮೇದ ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ಅಂಗಳಕ್ಕೆ ಓಡಿ ಬಂದ. ಅದು ಹಳೆಯ ಜರ್ಮನ್ ಕಾರು. ಕೊಲ್ಹಾಪುರದ ಡಾಕ್ಟರರೊಬ್ಬರು ಹತ್ತಾರು ವರ್ಷ ಓಡಿಸಿ ಸಾಕಾಗಿ ಮಾರಿದ್ದು. ಬೇರೆ ಕಾರುಗಳಲ್ಲಿ ಸ್ಪ್ರಿಂಗು ಇರುವ ಕಡೆ ಇದರಲ್ಲಿ ರಬ್ಬರಿನ ಗಾಳಿಚೀಲಗಳಿದ್ದವು. ಚೀಲ ಗಟ್ಟಿಯಿದ್ದಾಗ ಅದರ ಸವಾರಿ ತೊಟ್ಟಿಲು ತೂಗಿದಂತೆ. ಚೀಲ ಸೀಳಿದರೆ ಮಾತ್ರ ಕಾರು ನೆಲ ಹಿಡಿಯುತ್ತಿತ್ತು.

"ರೀ, ಇವತ್ತ ಬೀಗರ ಬರೂದೈತಿ!" ಹೆಂಡತಿ ಜಿನಮತಿ ಅಡುಗೆಮನೆಯಿಂದಲೇ ಕೂಗಿದಳು. "ಮನಿ ಮುಂದ ಇದನ್ನ ಹಿಂಗ ಮಣಕಾಲೂರಿಸಿ ಕುಂಡ್ರಸ್ತೀರೇನು?"

ಸಮ್ಮೇದನ ತಂಗಿ ಕಾಜಲ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದಳು. ಅವಳನ್ನು ನೋಡಲು ಚಿಕ್ಕೋಡಿಯಿಂದ ಶಾಂತಿನಾಥ ಎಂಬ ತಂಬಾಕು ವ್ಯಾಪಾರಿ, ಮಗ ನಿಖಿಲನನ್ನು ಕರೆದುಕೊಂಡು ಸಂಜೆ ಬರುವವರಿದ್ದರು. ಒಳ್ಳೆಯ ಮನೆತನ. ಹುಡುಗನ ಫೋಟೋ ನೋಡಿ ಕಾಜಲ "ಬರ್ಲಿ, ನೋಡೂಣು" ಅಂದಿದ್ದಳು. ಅವಳ ಬಾಯಿಂದ ಅಷ್ಟು ಬಂದರೇ ಅದು ಅರ್ಧ ಒಪ್ಪಿಗೆ.

ಮೆಕ್ಯಾನಿಕ್ ಮುಜಫ್ಫರ ಬಂದ. ಕಾರಿನ ಕೆಳಗೆ ಟಾರ್ಚು ಬಿಟ್ಟು ನೋಡಿದ.

"ಎರಡೂ ಚೀಲ ಸೀಳ್ಯಾವ್ರಿ ಸಾವಕಾರ್ರ. ಒರಿಜಿನಲ್ ಬೇಕಂದ್ರ ಪುಣೆಕ್ಕ ಬರದ ಹಾಕಿ ದಾರಿ ಕಾಯಬೇಕು. ಮಿರಜದಾಗ ನಮ್ಮ ದೋಸ್ತ ಅದಾನ, ಆಫ್ಟರ್ ಮಾರ್ಕೆಟ್ ಮಾಲ ಮಧ್ಯಾಹ್ನದ ಬಸ್ಸಿಗಿ ಹಾಕ್ತಾನ."

"ಅಂದ್ರ ಡುಪ್ಲಿಕೇಟ್?"

"ಡುಪ್ಲಿಕೇಟ್ ಅನಬ್ಯಾಡ್ರಿ." ಮುಜಫ್ಫರನಿಗೆ ನಿಜಕ್ಕೂ ನೋವಾಯಿತು. "ಕಂಪನಿ ಬ್ಯಾರೆ, ಮಾಲ ಒಂದ."

ಅಷ್ಟರಲ್ಲಿ ಪಕ್ಕದ ಮನೆಯ ನಿಲೇಶ ಕಾಂಪೌಂಡಿನ ಮೇಲೆ ಮುಖ ಇಟ್ಟ. ಸೊಸೈಟಿಯಲ್ಲಿ ಕ್ಲಾರ್ಕು. ಕಾರು ಇಲ್ಲದಿದ್ದರೂ ಮೊಬೈಲಿನಲ್ಲಿ ಕಾರುಗಳ ವಿಡಿಯೋ ನೋಡಿ ನೋಡಿ ಅವನಿಗೆ ಎಲ್ಲ ಕಾರುಗಳ ಹೊಟ್ಟೆಯೊಳಗಿನ ಸಂಗತಿಯೂ ಗೊತ್ತಿತ್ತು.

"ಸಮ್ಮೇದಣ್ಣಾ, ಜರ್ಮನ್ ಗಾಡಿಗಿ ಲೋಕಲ್ ಮಾಲ ಹಾಕೂದಂದ್ರ ಪೈಠಣಿ ಸೀರಿಗಿ ಗೋಣಿಚೀಲದ ತ್ಯಾಪಿ ಹಚ್ಚಿದಂಗ! ಕೊಲ್ಹಾಪುರ ಗುಜರಿಯೊಳಗ ಒರಿಜಿನಲ್ ಸಿಗ್ತಾವ. ಬಳಸಿದ್ದ ಇರಬಹುದು, ಆದ್ರ ಅಸಲಿ. ಈಗ ಫೋನ್ ಹಚ್ಚತೀನಿ."

"ಹಳೀ ರಬ್ಬರ್ ಎಷ್ಟ ದಿನಾ ತಡಿತೈತಿ?" ಮುಜಫ್ಫರ ಕೆಳಗಿನಿಂದಲೇ ಗುಡುಗಿದ.

"ನಿನ್ನ ಹೊಸಾದ್ದಕಿಂತ ನಾಕ ದಿನಾ ಹೆಚ್ಚ!"

ಎದುರುಮನೆಯ ಇಮಾಮಸಾಬ ಚಹಾದ ಬಟ್ಟಲು ಹಿಡಿದು ನಡುವೆ ಬಂದು ನಿಂತ. ಜೀವಮಾನವೆಲ್ಲ ಲಾರಿ ಓಡಿಸಿದ ಭಾರೀ ಆಳು. ಅವನು ಕೂತರೆ ಕಟ್ಟೆಯೂ ಒಮ್ಮೆ ಉಸಿರು ಬಿಡುತ್ತಿತ್ತು.

"ಗಾಳಿ ಮ್ಯಾಲ ಗಾಡಿ ನಿಂದ್ರಸೂದು ಅಂದ್ರೇನ ತಮ್ಮಾ? ಲಾರಿ ಪಾಟಾ ಹಾಕಸು, ಕಬ್ಬಿಣದ ಪಟ್ಟಿ ಸ್ಪ್ರಿಂಗು. ನಿನ್ನ ಮೊಮ್ಮಕ್ಕಳ ಕಾಲಕ್ಕೂ ಕೂಡಂಗಿಲ್ಲ."

ಸಮ್ಮೇದನ ದೊಡ್ಡ ದೋಷವೆಂದರೆ ಅವನಿಗೆ ಯಾರ ಮುಖಕ್ಕೂ ಇಲ್ಲ ಅನ್ನಲು ಬರುತ್ತಿರಲಿಲ್ಲ. ಮುಜಫ್ಫರನಿಗೆ "ತರಸು" ಅಂದ. ನಿಲೇಶನಿಗೂ "ತರಸು" ಅಂದ. ಇಮಾಮಸಾಬನಿಗೆ "ವಿಚಾರ ಮಾಡೂಣು ಕಾಕಾ" ಅಂದು ಸ್ನಾನಕ್ಕೆ ಹೋದ.

ಮಧ್ಯಾಹ್ನ ಮಿರಜದ ಬಸ್ಸಿನಿಂದ ಒಂದು ಡಬ್ಬಿ ಇಳಿಯಿತು. ಕೊಲ್ಹಾಪುರದ ಬಸ್ಸಿನಿಂದ ಗೋಣಿಯಲ್ಲಿ ಸುತ್ತಿದ ಇನ್ನೊಂದು ಇಳಿಯಿತು. ಎರಡರಲ್ಲೂ ಒಂದೊಂದೇ ಚೀಲ! ಮಿರಜದವನ ಹತ್ತಿರ ಇದ್ದದ್ದೇ ಒಂದು. ಗುಜರಿಯಲ್ಲಿ ಸಿಕ್ಕದ್ದೂ ಒಂದು.

ಮುಜಫ್ಫರ ತಲೆ ಕೆರೆದುಕೊಂಡ. "ಜೋಡಿ ಹಾಕೂ ಸಾಮಾನ್ರಿ ಇದು."

"ಜೋಡಿ ಆತಲ್ಲೋ!" ಅಂದ ಸಮ್ಮೇದ. ಅವನಿಗೆ ಒಳಗೊಳಗೇ ಖುಷಿ. ಯಾರ ಮನಸ್ಸೂ ಮುರಿಯಲಿಲ್ಲವಲ್ಲ.

ಎಡಕ್ಕೆ ಹಳೆಯ ಒರಿಜಿನಲ್, ಬಲಕ್ಕೆ ಹೊಸ ಆಫ್ಟರ್ ಮಾರ್ಕೆಟ್. ಗಾಳಿ ತುಂಬಿತು. ಬಲಗಡೆ ಜಿಗಿದೆದ್ದು ನಿಂತಿತು. ಎಡಗಡೆ ಅರ್ಧ ಎದ್ದು "ಸಾಕಪ್ಪಾ" ಎಂಬಂತೆ ಅಲ್ಲೇ ಉಳಿಯಿತು. ಈಗ ಕಾರು ನೆಲಕ್ಕೆ ಕಿವಿಗೊಟ್ಟು ಏನನ್ನೋ ಕದ್ದು ಕೇಳುವಂತೆ ಕಾಣುತ್ತಿತ್ತು.

"ಒಂದ ರೌಂಡ್ ಹೊಡದ್ರ ಸೆಟ್ ಆಕ್ಕೈತಿ," ಎಂದರು ಎಲ್ಲರೂ. ವಾದ ಶುರುವಾದಾಗಿನಿಂದ ಅವರು ಒಮ್ಮತಕ್ಕೆ ಬಂದದ್ದು ಇದೊಂದರಲ್ಲೇ.

ಸಮ್ಮೇದ ಕಾರು ತೆಗೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟ. ಅವನೂ ಓರೆ, ಕಾರೂ ಓರೆ. ದಾರಿಯ ಮಂದಿ ನೋಡಲು ಕತ್ತು ಓರೆ ಮಾಡಿದರು. ಬಾಳೆಹಣ್ಣಿನ ಗಾಡಿಯವಳು ಓರೆಯಾದಳು, ಟ್ರಾಫಿಕ್ ಪೊಲೀಸನೂ ಓರೆಯಾಗಿಯೇ ಸೀಟಿ ಊದಿದ. ಸೈಕಲ್ಲಿನವನೊಬ್ಬ ಓರೆಯಾಗಿ ನೋಡುತ್ತ ನೋಡುತ್ತ ಹಾಗೇ ಹೋಗಿ ಕೊತಂಬರಿ ರಾಶಿಯೊಳಗೆ ಮಲಗಿದ. ಸಮ್ಮೇದ ಹಿಂದಿರುಗಿ ಬಂದಾಗ ಕಾರು ಸೆಟ್ ಆಗಿರಲಿಲ್ಲ. ಅವನ ಕತ್ತು ಸೆಟ್ ಆಗಿತ್ತು, ಎಡಕ್ಕೆ.

"ಈಗರೆ ಪಾಟಾ ಹಾಕಸ್ತೀಯೇನ?" ಎನ್ನುತ್ತ ಇಮಾಮಸಾಬ ಪರೀಕ್ಷೆ ಮಾಡಲು ಬಲಗಡೆಯ ಡ್ರೈವರ್ ಸೀಟಿನಲ್ಲಿ ಕೂತ.

ಕಾರು ಒಮ್ಮೆ ನರಳಿತು. ಬಲಗಡೆ ಇಳಿಯಿತು. ಎಡಕ್ಕೂ ಬಲಕ್ಕೂ ಸಮ!

ಬಾಗಿಲಲ್ಲಿ ನಿಂತಿದ್ದ ಕಾಜಲ ನಗು ತಡೆದುಕೊಂಡು ಅಂದಳು, "ದಾದಾ, ಕಾಕಾನ್ನ ಇಳಸಬ್ಯಾಡ."

ಸಮ್ಮೇದ ಕೈ ಮುಗಿದ. "ಕಾಕಾ, ನಿಮ್ಮ ಕಾಲಿಗಿ ಬೀಳ್ತೀನಿ. ಬೀಗರ ಹೋಗೂತನಾ ಇಲ್ಲೇ ಕೂಡ್ರಿ. ಏಸಿ ಹಚ್ಚತೀನಿ."

ಇಮಾಮಸಾಬ ಅಡುಗೆಮನೆಯ ಕಡೆ ಮೂಗು ತಿರುಗಿಸಿದ. "ಶಿರಾ ಮಾಡ್ಯಾರೇನು?"

"ತುಪ್ಪದಾಗ ತೇಲಾಕತ್ತೈತಿ ಕಾಕಾ."

"ಹಂಗಾರ ಕೂಡತೀನಿ."

ಶಾಂತಿನಾಥ ಮತ್ತು ನಿಖಿಲ ಬಾಡಿಗೆ ಜೀಪಿನಲ್ಲಿ ಬಂದಿಳಿದರು. "ಜೈ ಜಿನೇಂದ್ರ" ಆಯಿತು, ನೀರು ಬಂತು, ಈರುಳ್ಳಿ ಇಲ್ಲದ ಪೋಹೆ ಬಂತು, ಕಾಜಲ ಬಂದಳು. ಆದರೆ ತಂದೆ ಮಗ ಇಬ್ಬರ ಕಣ್ಣೂ ಕಿಟಕಿಯಾಚೆ ಕಾರಿನ ಮೇಲೆಯೇ ನೆಟ್ಟಿದ್ದವು. ಸಮ್ಮೇದನ ಎದೆ ಉಬ್ಬಿತು.

"ಗಾಡ್ಯಾಗ ಕುಂತವರ ಯಾರ್ರಿ?" ಶಾಂತಿನಾಥ ಕೇಳಿದರು.

"ನಮ್ಮ ಕಾಕಾರು. ಅವರಿಗಿ ಗಾಡಿ ಅಂದ್ರ ಜೀವ್ರಿ."

"ಒಳಗ ಕರೀರಲ್ಲ?"

"ಬರಂಗಿಲ್ರಿ ಮಾಮಾರ. ಭಾಳ ಹಟಮಾರಿ."

ಜಿನಮತಿ ಕಾರಿನ ಕಿಟಕಿಗೆ ಶಿರಾ ಒಯ್ದಳು. ಮತ್ತೆ ಒಯ್ದಳು. ಪಾತ್ರೆಯನ್ನೇ ಒಯ್ದಳು. ಶಾಂತಿನಾಥರಿಗೆ ಬಡಿಸಿದ್ದಕ್ಕಿಂತ ಹೆಚ್ಚು ಶಿರಾ ಅಂಗಳದ ಕಡೆ ಹೋಗುವುದನ್ನು ಅವರು ಗಮನಿಸಿದರು.

"ಗಾಡಿ ಮುಂದಿನ ಚೀಲ ತೊಂದ್ರಿ ಕೊಟ್ಟಿಲ್ಲೇನ್ರಿ?" ಇದ್ದಕ್ಕಿದ್ದಂತೆ ನಿಖಿಲ ಕೇಳಿದ.

ಸಮ್ಮೇದ ನೀರಿನ ಲೋಟ ಕೆಳಗಿಟ್ಟ. "ಛೇ! ತಂದಾಗಿಂದ ಒಂದ ದಿನಾನೂ ಕೂತಿಲ್ಲ."

ಅದೇ ಹೊತ್ತಿಗೆ ಮಸೀದಿಯಿಂದ ಅಜಾನ್ ಕೇಳಿಬಂತು. ಇಮಾಮಸಾಬ ಬಾಯಿ ಒರೆಸಿಕೊಂಡು ಬಾಗಿಲು ತೆರೆದ. ಸಮ್ಮೇದ ಕಿಟಕಿಯಿಂದಲೇ ಕಣ್ಣು ಕೈಗಳಿಂದ ಸನ್ನೆ ಮಾಡಿದ. ಇಮಾಮಸಾಬನೂ ಆಕಾಶ ತೋರಿಸಿ ಸನ್ನೆ ಮಾಡಿ, ಕೆಳಗಿಳಿದು, ನಮಾಜಿಗೆ ನಡೆದ.

ಉಸ್ಸ್ಸ್... ಬಲಗಡೆ ಎದ್ದಿತು. ಬೀಗರ ಎದುರಿಗೇ ಕಾರು ನಿಧಾನವಾಗಿ ಎಡಕ್ಕೆ ವಾಲಿ ನಿಂತಿತು.

ಸಮ್ಮೇದ ಕಣ್ಣು ಮುಚ್ಚಿಕೊಂಡ. ಸುಳ್ಳು ಹೇಳಿದ ಬಾಯಿ ಇನ್ನೂ ತೆರೆದೇ ಇತ್ತು. ತಂಗಿಯ ಸಂಬಂಧವನ್ನು ತನ್ನ ಕೈಯಾರೆ ಕೆಡಿಸಿದೆನಲ್ಲ ಎಂದುಕೊಂಡ.

"ಖರೇ ಹೇಳತೀನ್ರಿ," ಎಂದಳು ಕಾಜಲ ಮೆಲ್ಲಗೆ. "ಬೆಳಿಗ್ಗಿ ಕೂತಿತ್ತು. ಒಂದಕಡಿ ಒರಿಜಿನಲ್, ಒಂದಕಡಿ ಆಫ್ಟರ್ ಮಾರ್ಕೆಟ್ ಹಾಕ್ಯಾರ. ಕಾಕಾರು ತೂಕಕ್ಕ ಕೂತಿದ್ರು."

ನಿಖಿಲ ಅವಳನ್ನು ಮೊದಲ ಸಲ ನೆಟ್ಟಗೆ ನೋಡಿದ. ಹಾಗೇ ನೋಡುತ್ತಲೇ ಉಳಿದ. ಶಾಂತಿನಾಥರು ಮಾತ್ರ ಧಡಕ್ಕನೆ ಎದ್ದು ಬಂದು ಸಮ್ಮೇದನನ್ನು ತಬ್ಬಿಕೊಂಡರು. ಅವರ ಕಣ್ಣಲ್ಲಿ ನೀರು!

"ಸಾವಕಾರ್ರ, ನಮ್ಮದೂ ಇದ ಗಾಡಿ! ಅದರಾಗ ಹೊಂಟಿದ್ವಿ. ದಿಗ್ಗೇವಾಡಿ ಹತ್ರ ಕೂತಬಿಡ್ತು. ಜೀಪ್ ಹಿಡದು ಬಂದ್ವಿ. ನಿಮಗ ಗೊತ್ತಾದ್ರ ಏನ ತಿಳ್ಕೊಂತೀರಿ ಅಂತ ಬಾಯಿ ಮುಚಗೊಂಡ ಕುಂತಿದ್ವಿ."

ಮನೆಯೆಲ್ಲ ನಗುವಿನಿಂದ ತುಂಬಿತು. ಹುಡುಗ ಒಪ್ಪಿದ, ಹುಡುಗಿ ಒಪ್ಪಿದಳು. ಜಿನಮತಿ ಉಳಿದಿದ್ದ ಒಂದು ಚಮಚ ಶಿರಾವನ್ನೇ ಎಲ್ಲರ ಬಾಯಿಗೂ ಹಂಚಿದಳು. ಸಮ್ಮೇದನ ಕತ್ತು ಕೂಡ ನೆಟ್ಟಗಾಯಿತು.

ಆಗ ಓಣಿಯ ತಿರುವಿನಲ್ಲಿ ಟ್ರ್ಯಾಕ್ಟರಿನ ಸದ್ದಾಯಿತು. ಹಿಂದೆ ಟ್ರೇಲರ್. ಟ್ರೇಲರಿನ ಮೇಲೆ ಮೂತಿ ಊರಿದ ಇನ್ನೊಂದು ಜರ್ಮನ್ ಕಾರು.

"ಬಂತು!" ಎಂದರು ಶಾಂತಿನಾಥರು. "ಇಲ್ಲಿ ಗ್ಯಾರೇಜಿಗಿ ಹೊಂಟಿತ್ತು, ಈಗ ಫೋನ್ ಹಚ್ಚಿ ನಿಮ್ಮ ಮನಿಗೇ ಕರಸೀನಿ. ಇನ್ನ ಇದು ನಿಮ್ಮ ಜವಾಬ್ದಾರಿ. ಎಬ್ಬಿಸಿ ಕೊಡ್ರಿ, ಮದುವಿ ಮೆರವಣಿಗಿ ಇದರಾಗ. ಒಂದ ಮಾತ ಮಾತ್ರ ನೆನಪಿರ್ಲಿ. ಡುಪ್ಲಿಕೇಟ್ ಹಾಕಿದ್ರ ಮದುವಿಗಿ ನಾ ಬರಂಗಿಲ್ಲ."

"ದಾದಾ, ಗುಜರಿ ಒರಿಜಿನಲ್ ಹಾಕಿದ್ರ ನಾ ಬರಂಗಿಲ್ಲ," ಎಂದ ಮದುಮಗ.

ಸಮ್ಮೇದ ತಂದೆಯನ್ನು ನೋಡಿದ, ಮಗನನ್ನು ನೋಡಿದ. ರೂಢಿಯಂತೆ ಇಬ್ಬರಿಗೂ "ಹೂಂ" ಅಂದ.