ಮೊಮ್ಮಗಳ ಹುಟ್ಟುಹಬ್ಬಕ್ಕೆ ನಾನು ಕರಡಿಯಾದದ್ದು

ಹೋಟೆಲಿನವನಿಗೆ ಯಾವುದಕ್ಕೂ ಆಶ್ಚರ್ಯವಾಗಬಾರದು ಎಂದು ನಂಬಿದವನು ನಾನು. ಡೊಂಬಿವಲಿ ಸ್ಟೇಷನ್ನಿನ ಪಕ್ಕ ಸಸ್ಯಾಹಾರಿ ಹೋಟೆಲು ನಡೆಸುತ್ತೇನೆ. ದೋಸೆಯ ಮೇಲೆ ಚೀಸ್, ಚೀಸಿನ ಮೇಲೆ ಚಾಕ್ಲೇಟ್ ಕೇಳುವ ಗಿರಾಕಿಗೂ ಮುಖದ ಗೆರೆ ಅಲುಗದಂತೆ "ಆಗ್ತದೆ" ಎಂದಿದ್ದೇನೆ. ಆದರೆ ಮನೆಯಲ್ಲಿ ನನ್ನ ಆಟ ನಡೆಯುವುದಿಲ್ಲ. ಬಾಯಿ ತೆರೆದು ನಿಲ್ಲುವಂಥದ್ದು ಅಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಮೊಮ್ಮಗಳಿಗೆ ಎರಡು ವರ್ಷ ತುಂಬಿದಾಗಲಂತೂ ಒಂದರ ಬೆನ್ನಿಗೆ ಒಂದು ನಡೆಯಿತು.

ಮೊದಲೇ ಹೇಳಿಬಿಡುತ್ತೇನೆ, ಈ ಮೊಮ್ಮಗಳು ನನ್ನ ಹತ್ತಿರ ಬರುತ್ತಿರಲಿಲ್ಲ. ಮಗ ಐರೋಲಿಯಲ್ಲಿ ಫ್ಲ್ಯಾಟ್ ತೆಗೆದುಕೊಂಡ ಮೇಲೆ ನಾವೂ ಅಲ್ಲಿಗೆ ಹೋದೆವು, ಹೋಟೆಲು ಡೊಂಬಿವಲಿಯಲ್ಲೇ ಉಳಿಯಿತು. ನಾನು ಹೊರಡುವಾಗ ಮಗು ನಿದ್ದೆಯಲ್ಲಿ, ಬರುವಾಗಲೂ ನಿದ್ದೆಯಲ್ಲಿ. ಅಪರೂಪಕ್ಕೆ ಎಚ್ಚರದಲ್ಲಿ ಸಿಕ್ಕರೆ ಕಳ್ಳನನ್ನು ಕಂಡವಳಂತೆ ಕಿರುಚುತ್ತಿದ್ದಳು. ನನಗೆ ಕೂದಲಿದ್ದ ಕಾಲದ, ಗೋಡೆಯ ಫೋಟೋ ತೋರಿಸಿ ನನ್ನ ಹೆಂಡತಿ "ಅಜ್ಜ" ಎಂದು ಕಲಿಸಿದ್ದಳು. ಫೋಟೋದ ಅಜ್ಜನಿಗೆ ಮುತ್ತು, ನಿಜದ ಅಜ್ಜನಿಗೆ ಕಿರುಚಾಟ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಹುಟ್ಟುಹಬ್ಬದ ದಿನ ಒಂದು ಸಲ, ಒಂದೇ ಸಲ, ಅವಳು ನನ್ನ ತೊಡೆಯ ಮೇಲೆ ಕೂತು ಫೋಟೋ ತೆಗೆಸಿಕೊಳ್ಳಬೇಕು ಎಂಬುದು ನನ್ನ ಆಸೆಯಾಗಿತ್ತು.

೧. ಪ್ರಾಣಿಗಳ ಹಂಚಿಕೆ

ಸೊಸೆ ಕಲ್ಯಾಣದಲ್ಲಿ ಹುಟ್ಟಿ ಬೆಳೆದ ನಮ್ಮ ಕಡೆಯ ಹುಡುಗಿ. ಆಫೀಸಿನಲ್ಲಿ ದೊಡ್ಡ ದೊಡ್ಡ ಪ್ರಾಜೆಕ್ಟ್ ನಡೆಸುವವಳು. ಒಂದು ಭಾನುವಾರ ಲ್ಯಾಪ್‌ಟಾಪ್ ತೆರೆದಿಟ್ಟು ನಮ್ಮನ್ನೆಲ್ಲ ಟೇಬಲ್ಲಿನ ಸುತ್ತ ಕೂರಿಸಿದಳು.

"ಮಾವ, ಬರ್ತ್‌ಡೇಗೆ ಥೀಮ್ ಫಿಕ್ಸ್ ಮಾಡ್ಬೇಕು. ಜಂಗಲ್ ಆಗ್ಬಹುದಾ?"

"ಥೀಮ್ ಅಂದ್ರೆ ಎಂತ ಮಾರಾಯ್ತಿ?"

"ಎಲ್ಲ ಒಂದೇ ಟೈಪ್ ಇರ್ಬೇಕು. ಡೆಕೊರೇಷನ್, ಕೇಕ್, ನಮ್ಮ ಡ್ರೆಸ್ ಸಹ. ಮನೆಯವರು ಒಬ್ಬೊಬ್ರು ಒಂದೊಂದು ಪ್ರಾಣಿ."

ನಮ್ಮ ಕಾಲದಲ್ಲಿ ಹುಟ್ಟಿದ ದಿನವೆಂದರೆ ದೇವಸ್ಥಾನದಲ್ಲಿ ಒಂದು ಹೂವಿನ ಪೂಜೆ, ಮನೆಯಲ್ಲಿ ಒಂದು ಪಾಯಸ, ಮುಗಿಯಿತು. ಎಷ್ಟೋ ಜನ್ಮ ದಾಟಿ ಮನುಷ್ಯಜನ್ಮ ಸಿಕ್ಕಿದ ದಿನವನ್ನು ಪ್ರಾಣಿಯಾಗಿ ಆಚರಿಸುವುದೇ? ಆಸರೆಗೆಂದು ಹೆಂಡತಿಯ ಮುಖ ನೋಡಿದೆ. ಅವಳಿಗೆ ನವಿಲು ಸಿಕ್ಕಿತ್ತು. ಯಾವ ರೇಷ್ಮೆ ಸೀರೆ ಉಡುವುದೆಂದು ಆಗಲೇ ಯೋಚಿಸುತ್ತಿದ್ದಳು. ಮಗ ಸಿಂಹ, ಸೊಸೆ ಜಿಂಕೆ. ನಾನು ಕರಡಿ.

"ನಾನ್ಯಾಕೆ ಕರಡಿ?"

"ಅವಳಿಗೆ ಭಾಲೂ ಅಂದ್ರೆ ಪ್ರಾಣ, ಮಾವ. ನೀವು ಭಾಲೂ ಆದ್ರೆ ನಿಮ್ಮ ಹತ್ರ ಬಂದ್ರೂ ಬಂದಾಳು. ಕಲ್ಯಾಣದಲ್ಲಿ ಡ್ರೆಸ್ ಬಾಡಿಗೆಗೆ ಸಿಗ್ತದೆ."

ಆ ಮಾತಿಗೆ ನಾನು ಕರಗಿಹೋದೆ. ಒಪ್ಪಿದೆ. ನವಿಲು ಮಾತ್ರ ಸುಮ್ಮನಿರಲಿಲ್ಲ.

"ಬಾಡಿಗೆ ಎಂತಕ್ಕೆ? ಇವರು ಬನಿಯನ್ ತೆಗೆದ್ರೆ ಸಾಕು."

೨. ಲೋಕಲಿನಲ್ಲಿ ಕರಡಿ

ಕಲ್ಯಾಣದ ಅಂಗಡಿಯವನು ಕರಡಿಯ ಮೈಯನ್ನು ಮಡಚಿ ಚೀಲದಲ್ಲಿ ಹಾಕಿ ಕೊಟ್ಟ. ತಲೆ ಯಾವ ಚೀಲಕ್ಕೂ ಹಿಡಿಸಲಿಲ್ಲ. "ಕಾನ್ ಟೂಟಾ ತೋ ಆಪ್ ಜಾನೋ" ಎಂದು ಎಚ್ಚರಿಕೆ ಬೇರೆ ಕೊಟ್ಟ. ಕಿವಿ ಮುರಿದರೆ ಪಾಪ ನನ್ನದು.

ತಲೆಯನ್ನು ಮಗುವಿನಂತೆ ಎದೆಗವಚಿಕೊಂಡು ಥಾಣೆಗೆ ಹೋಗುವ ಸ್ಲೋ ಲೋಕಲ್ ರೈಲು ಹತ್ತಿದೆ. ಡೊಂಬಿವಲಿಯಲ್ಲಿ ಜನ ನುಗ್ಗಿದರು. ಒಬ್ಬನ ಮೊಣಕೈ ಕರಡಿಯ ಕಣ್ಣಿಗೆ, ಇನ್ನೊಬ್ಬನ ಬ್ಯಾಗು ಅದರ ಕಿವಿಗೆ. ದಿವಾ ಬರುವಷ್ಟರಲ್ಲಿ ನನಗೆ ಖಾತ್ರಿಯಾಯಿತು, ಈ ಗಾಡಿಯಲ್ಲಿ ಆ ತಲೆಗೆ ಸುರಕ್ಷಿತ ಜಾಗ ಒಂದೇ ಎಂದು. ಮಾನ ಮರ್ಯಾದೆ ಬದಿಗಿಟ್ಟು ಅದನ್ನು ನನ್ನ ತಲೆಯ ಮೇಲೇ ಹಾಕಿಕೊಂಡೆ.

ಒಳಗೆ ಕಣ್ಣು ಮುಚ್ಚಿ ನಿಂತಿದ್ದೆ. ಈಗ ಬೋಗಿಯೆಲ್ಲ ನಗುತ್ತದೆ, ಯಾರೋ ವಿಡಿಯೋ ತೆಗೆಯುತ್ತಾರೆ, ಹೋಟೆಲಿನ ಗಿರಾಕಿಗಳು ನೋಡುತ್ತಾರೆ ಎಂದು ಕಾಯುತ್ತಿದ್ದೆ. ಯಾರೂ ನಗಲಿಲ್ಲ. ಕಣ್ಣು ಬಿಟ್ಟರೆ ಯಾರೂ ತಿರುಗಿ ಸಹ ನೋಡುತ್ತಿಲ್ಲ. ಅದೇ ನನಗೆ ದೊಡ್ಡ ಆಘಾತವಾಯಿತು. ಕೊನೆಗೆ ಹಿಂದಿನಿಂದ ಒಬ್ಬ ಬೆನ್ನು ತಟ್ಟಿದ.

"ಮುಂಬ್ರಾ ಉತರೋಗೇ ಕ್ಯಾ?"

ಮುಂಬ್ರಾದಲ್ಲಿ ಇಳಿಯುವುದಿಲ್ಲವೆಂದು ಕರಡಿ ತಲೆ ಅಲ್ಲಾಡಿಸಿತು.

"ತೋ ಸೈಡ್ ಮೇ ಖಡೇ ರಹೋ ನಾ, ಕಾಕಾ."

೩. ಕಾಡು ಕಟ್ಟಿದ್ದು

ಪಾರ್ಟಿ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ. ಅಲಂಕಾರ ನನಗೆ ಬಿಡಿ ಎಂದು ನಾನೇ ಮುಂದೆ ಬಿದ್ದೆ. ನಮ್ಮ ಹೋಟೆಲಿನ ಅಡುಗೆ ಭಟ್ಟರು ಕುಂದಾಪುರದವರು, ಊರಿನ ಎಷ್ಟೋ ಚಪ್ಪರಕ್ಕೆ ಕೈ ಹಾಕಿದವರು. "ಹಾಲ್ ಪೂರಾ ಕಾಡಿನ ಹಾಗೆ ಕಾಣ್ಬೇಕು ಭಟ್ರೇ, ಹಸಿರೋ ಹಸಿರು" ಎಂದು ಹೇಳಿ ನಾನು ನಿಶ್ಚಿಂತನಾದೆ.

ಪಾರ್ಟಿಯ ದಿನ ಭಾನುವಾರ ಸಂಜೆ ಇಳಿದು ನೋಡುತ್ತೇನೆ, ಬಾಗಿಲಿನ ಎರಡು ಬದಿಗೆ ಗೊನೆ ಸಮೇತ ಬಾಳೆಗಿಡ. ಮೇಲೆ ಮಾವಿನೆಲೆಯ ತೋರಣ. ಒಳಗೆ ತೆಂಗಿನ ಗರಿಯ ಚಪ್ಪರ, ನಾಲ್ಕು ಕಂಬಕ್ಕೂ ಅಡಿಕೆ ಹೂವಿನ ಸಿಂಗಾರ, ನಡುವೆ ರಂಗೋಲಿ. ಭಟ್ಟರು ಬೆವರು ಒರೆಸಿಕೊಂಡು, "ಇಷ್ಟು ಹಸಿರು ಕಾಡಲ್ಲೂ ಇಲ್ಲ" ಎಂದರು. ಜಿಂಕೆಯ ಕೊಂಬು ಕಟ್ಟಿಕೊಂಡ ಸೊಸೆ ಬಾಗಿಲಲ್ಲೇ ಕಂಬವಾಗಿ ನಿಂತಳು. ಸಿಂಹದ ಕೇಸರ ಹಾಕಿಕೊಂಡ ಮಗ ಬಂದು ಅವಳ ಪಕ್ಕ ನಿಂತ.

ಅಷ್ಟರಲ್ಲಿ ಲಿಫ್ಟಿನಿಂದ ಬಿ ವಿಂಗಿನ ಮರಾಠಿ ಅಜ್ಜಿ ಇಳಿದರು. ಚಪ್ಪರ ನೋಡಿದರು, ಬಾಳೆ ನೋಡಿದರು, ಜೋಡಿ ನೋಡಿದರು. ಈ ಮದ್ರಾಸಿಗಳ ಮದುವೆಯಲ್ಲಿ ವೇಷ ಹೀಗೇ ಇರಬೇಕು ಎಂದುಕೊಂಡರೋ ಏನೋ, ಇಬ್ಬರ ತಲೆಯ ಮೇಲೂ ಕೈಯಿಟ್ಟು "ಸುಖಾನೇ ಸಂಸಾರ ಕರಾ" ಎಂದು ಮನಸಾರೆ ಹರಸಿದರು. ಆಗಲೇ ನಮ್ಮ ಮಗು ಓಡಿಬಂದು ಮದುಮಗಳ ಕಾಲು ತಬ್ಬಿಕೊಂಡು "ಆಯೀ" ಎಂದು ಅಮ್ಮನನ್ನು ಕರೆಯಿತು.

ಅಜ್ಜಿ ಮಗುವನ್ನು ನೋಡಿದರು, ಚಪ್ಪರವನ್ನು ನೋಡಿದರು, ಒಂದು ನಿಟ್ಟುಸಿರು ಬಿಟ್ಟರು.

"ಚಾಲಾಯಚಂ. ಆಜ್‌ಕಾಲ್ ಅಸಂಚ್ ಅಸತಂ."

ಇರಲಿ, ಈಗಿನ ಕಾಲದಲ್ಲಿ ಹೀಗೇ ಅಲ್ಲವೇ ಎಂದು ನಮ್ಮನ್ನು ಕ್ಷಮಿಸಿ ಒಳಗೆ ಹೋಗಿ ಕೂತರು.

೪. ಕೇಕ್ ಹಾಳು ಮಾಡುವ ಶಾಸ್ತ್ರ

ಮುಂದಿನ ಏಟು ಕೇಕಿನದು. ಒಂದು ಪುಟ್ಟ ಟೇಬಲ್ಲಿನ ಮೇಲೆ ಚಂದದ ಕೇಕ್ ಇಟ್ಟು ಮಗುವನ್ನು ಕೂರಿಸಿದರು.

"ಇದು ಕೇಕ್ ಸ್ಮ್ಯಾಶ್, ಮಾವ. ಅವಳು ಕೈಯಲ್ಲಿ ಹಿಚುಕಿ ಹಾಳು ಮಾಡ್ತಾಳೆ, ಫೋಟೋ ತೆಗೀತಾರೆ."

"ತಿನ್ಲಿಕ್ಕಲ್ವಾ?"

"ಅಲ್ಲ, ತಿನ್ಲಿಕ್ಕೆ ಬೇರೆ ಉಂಟು. ಇದು ಹಾಳು ಮಾಡ್ಲಿಕ್ಕೇ ಮಾಡಿಸಿದ್ದು."

ನಾನು ಗೋಡೆ ಹಿಡಿದುಕೊಂಡೆ. ಬೆಳಗ್ಗಿನ ಇಡ್ಲಿ ಉಳಿದರೆ ಸಂಜೆ ಇಡ್ಲಿ ಫ್ರೈ ಮಾಡಿ ಮಾನ ಉಳಿಸಿಕೊಂಡ ಕುಲ ನಮ್ಮದು. ಆದರೆ ನನಗಿಂತ ಹೆಚ್ಚು ಕಷ್ಟಕ್ಕೆ ಸಿಕ್ಕಿದವನು ಬಡಿಸಲು ಬಂದಿದ್ದ ನಮ್ಮ ಹೋಟೆಲಿನ ಹಳೇ ವೇಟರ್. ಗಿರಾಕಿ ಕೈ ಬಿಟ್ಟ ತಟ್ಟೆ ಟೇಬಲ್ಲಿನ ಮೇಲೆ ಉಳಿಯಬಾರದು, ಅದರಲ್ಲೂ ಸುತ್ತ ಜನ ಕಾದು ನಿಂತಿರುವಾಗ, ಎಂದು ಅವನಿಗೆ ಕಲಿಸಿದವನೇ ನಾನು.

ಮಗು ಎರಡೂ ಕೈ ಕೇಕಿನಲ್ಲಿ ಮುಳುಗಿಸಿತು. ಫೋಟೋದವನು ಮೊಣಕಾಲೂರಿ, "ಬೇಬಿ, ಇಧರ್ ದೇಖೋ" ಎಂದ. ಬೇಬಿ ಅತ್ತ ನೋಡಲು ಕೈ ಎತ್ತಿತು. ಅಷ್ಟೇ. ಕಣ್ಣು ಮಿಟುಕಿಸುವಷ್ಟರಲ್ಲಿ ಕೇಕ್ ಮಾಯ. ಟೇಬಲ್ ಒರೆಸಿಯಾಗಿತ್ತು, ಮಗುವಿನ ಕೈಬಾಯಿ ಒರೆಸಿಯಾಗಿತ್ತು, ಎದುರು ಒಂದು ಗ್ಲಾಸು ನೀರು ಬಂದಿತ್ತು. ನಮ್ಮ ವೇಟರ್ ಬಗ್ಗಿ ಎರಡು ವರ್ಷದ ಗಿರಾಕಿಯನ್ನು ವಿನಯದಿಂದ ಕೇಳುತ್ತಿದ್ದ.

"ಔರ್ ಕುಛ್?"

೫. ಕರಡಿಯ ಹೊಟ್ಟೆ

ಕೊನೆಗೆ ನನ್ನ ಸರದಿ. ಪಕ್ಕದ ಕೋಣೆಯಲ್ಲಿ ಕರಡಿಯ ಮೈಯೊಳಗೆ ತೂರಿಕೊಂಡು ಹೊರಗೆ ಬಂದೆ. ಒಳಗೆ ಹೋಟೆಲಿನ ಒಲೆಯ ಮುಂದೆ ನಿಂತಷ್ಟು ಸೆಕೆ. ಅವಳು ಕಿರುಚಿದರೆ ಇನ್ನು ಈ ಜನ್ಮದಲ್ಲಿ ಪ್ರಯತ್ನಪಡುವುದಿಲ್ಲ ಎಂದು ನಿಶ್ಚಯಿಸಿದ್ದೆ.

ಮಗು ನನ್ನನ್ನು ನೋಡಿತು. "ಭಾಲೂ" ಎನ್ನುತ್ತ ಓಡಿಬಂದು ಕಾಲು ತಬ್ಬಿಕೊಂಡಿತು. ಕೂತರೆ ತೊಡೆ ಏರಿತು. ತಿನ್ನಲು ಕೊಟ್ಟಿದ್ದ ಕೇಕನ್ನು ಕರಡಿಯ ಬಾಯಿಗೆ ತುರುಕಿತು, ಅದು ನನ್ನ ಮೂಗಿಗೆ ಬಂತು. ಫೋಟೋದವನು ಪಟಪಟ ಕ್ಲಿಕ್ಕಿಸಿದ. ಒಳಗೆ ನನ್ನ ಕಣ್ಣಲ್ಲಿ ನೀರು. ಎರಡು ವರ್ಷ ಕಾದದ್ದು ಸಾರ್ಥಕವಾಯಿತು ಎಂದುಕೊಂಡೆ.

ಹೆಂಡತಿ ಕ್ಯಾಮೆರಾದಲ್ಲಿ ಇಣುಕಿ ನೋಡಿ, "ಎಲ್ಲ ಚಂದ ಬಂದಿದೆ. ಆದ್ರೆ ಇದ್ರಲ್ಲಿ ನೀವೆಲ್ಲಿದ್ದೀರಿ?" ಎಂದಳು.

ನನಗೆ ಸಿಡಿಲು ಬಡಿದಂತಾಯಿತು. ಹೌದಲ್ಲ. ಮಗು ಬಂದದ್ದು ಕರಡಿಯ ಹತ್ತಿರ, ಫೋಟೋ ಕರಡಿಯದು. ನನ್ನದೇ ತೊಡೆ, ನನಗೇ ಸಂಬಂಧವಿಲ್ಲ. ಆದದ್ದಾಗಲಿ ಎಂದು ಕರಡಿಯ ತಲೆಗೆ ಕೈ ಹಾಕಿದೆ.

"ಬೇಡ ಅಪ್ಪ, ಹೆದರ್ತಾಳೆ" ಎಂದ ಮಗ.

ನಾನು ತೆಗೆದೇಬಿಟ್ಟೆ.

ಮಗು ಕಣ್ಣರಳಿಸಿ ನೋಡಿತು. ಕುತ್ತಿಗೆಯಿಂದ ಕೆಳಗೆ ಕರಡಿ, ಮೇಲೆ ಗೋಡೆಯ ಫೋಟೋದ ಮುಖ. ತುಟಿ ನಡುಗಿತು. ಕಿರುಚಾಟಕ್ಕೆ ನಾನು ಸಿದ್ಧನಾದೆ. ಕಿರುಚಿದಳು, ಆದರೆ ನನ್ನ ಮೇಲಲ್ಲ.

"ಭಾಲೂ... ಅಜ್ಜಾಲಾ ಖಾಲ್ಲಂ."

ಕರಡಿ ಅಜ್ಜನನ್ನು ತಿಂದಿತು. ಹಗಲೆಲ್ಲ ನೋಡಿಕೊಳ್ಳುವ ಮೌಶಿಯ ಮರಾಠಿಯಲ್ಲಿ ಹೀಗೆ ಹುಯಿಲೆಬ್ಬಿಸಿ, ಕರಡಿಯ ಹೊಟ್ಟೆಗೆ ಎರಡೂ ಕೈಯಲ್ಲಿ ಗುದ್ದತೊಡಗಿದಳು. ಆಮೇಲೆ ನನ್ನ ಕಿವಿ ಹಿಡಿದು ಹೊರಗೆಳೆಯಲು ಶುರುಮಾಡಿದಳು. ನನಗಾಗಿ ಅವಳು ಅತ್ತದ್ದು ಅದೇ ಮೊದಲು. ಮಗ ಬಂದು ಬೆನ್ನಿನ ಜಿಪ್ ಎಳೆದ, ನಾನು ಬೆವರಲ್ಲಿ ತೊಯ್ದು ಕರಡಿಯಿಂದ ಹೊರಗೆ ಬಂದೆ.

ಅವಳು ಮತ್ತೆ ತೊಡೆ ಏರಿ ತಪಾಸಣೆ ಮಾಡಿದಳು. ಕೈ ಇದೆಯೇ, ಇದೆ. ಮೂಗು ಇದೆಯೇ, ಇದೆ. ಕೊನೆಗೆ ನನ್ನ ಬೋಳುತಲೆ ಸವರಿ ನೋಡಿ ಬೆಚ್ಚಿಬಿದ್ದಳು.

"ಕೇಸ್ ಖಾಲ್ಲೇ."

"ಹೌದು ಮಗಾ" ಎಂದೆ, "ಕೂದಲು ಪೂರಾ ತಿಂದುಬಿಟ್ಟಿತು."

ಉಳಿದದ್ದನ್ನಾದರೂ ಉಳಿಸಬೇಕೆಂದು ಅವಳು ನನ್ನ ತಲೆಯನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದು ಕೂತಳು. ಪಾರ್ಟಿ ಮುಗಿಯುವ ತನಕ ಇಳಿಯಲೇ ಇಲ್ಲ.