ಗುಂಡನ ಹಗಲು ನಿದ್ದೆ

ಬ್ರೆಡ್ಡಣ್ಣ ಇಲಿಯಂಥ ಹ್ಯಾಮ್‌ಸ್ಟರ್ ಸಾಕಲು ಒಪ್ಪಿದ್ದು ಪ್ರಾಣಿದಯೆಯಿಂದಲ್ಲ, ನಿದ್ದೆಯ ಆಸೆಯಿಂದ. ಬೇಕರಿಯಲ್ಲಿ ಅವನದು ರಾತ್ರಿ ಪಾಳಿ. ಊರು ಏಳುವ ಹೊತ್ತಿಗೆ ಬ್ರೆಡ್ ಬೇಯಿಸಿಟ್ಟು ಬಂದು ಮಲಗುವವನು. ಮಗಳಿಗೆ ನಾಯಿ ಬೇಕಿತ್ತು. ಅವಳ ಸೋದರಮಾವ ತನ್ನ ಮನೆಯ ಮರಿಗಳಲ್ಲಿ ಒಂದನ್ನು ಅವಳಿಗಾಗಿಯೇ ಎತ್ತಿಟ್ಟಿದ್ದ. ಎಲೆ ಉದುರಿದರೂ ಅರ್ಧ ಗಂಟೆ ಬೊಗಳುವ ಜಾತಿ. ಅದನ್ನು ತಪ್ಪಿಸುವ ದಾರಿ ಹುಡುಕುತ್ತಿದ್ದ ಬ್ರೆಡ್ಡಣ್ಣನಿಗೆ, ಹ್ಯಾಮ್‌ಸ್ಟರ್ ಹಗಲೆಲ್ಲ ಮಲಗುತ್ತದೆ ಎಂದು ಪ್ರಾಣಿ ಆಶ್ರಯ ಕೇಂದ್ರದಲ್ಲಿ ಕೇಳಿದಾಗ ಕಳೆದುಹೋದ ತಮ್ಮ ಸಿಕ್ಕಷ್ಟು ಸಂತೋಷವಾಯಿತು.

ಕೇಂದ್ರದವರದು ಒಂದೇ ಷರತ್ತು. ಮನೆಗೆ ಒಯ್ದ ಮಾರನೆಯ ದಿನ ಸಂಜೆ ನಾಲ್ಕಕ್ಕೆ ಅಲ್ಲಿಯ ಮೇಡಂ ಬಂದು ನೋಡುತ್ತಾರೆ. ಪ್ರಾಣಿ ಗೂಡು ಕಟ್ಟಿಕೊಂಡು ನೆಮ್ಮದಿಯಾಗಿದ್ದರೆ ಇಟ್ಟುಕೊಳ್ಳಬಹುದು. ಪಂಜರದ ಕಂಬಿ ಕಚ್ಚುತ್ತ ಕಂಗಾಲಾಗಿದ್ದರೆ ವಾಪಸ್.

"ನೋಡೀಪ್ಪ," ಎಂದಳು ಹೆಂಡತಿ, ಬೆಳಿಗ್ಗೆ ಆಫೀಸಿಗೆ ಹೊರಡುತ್ತ. "ಇದು ವಾಪಸ್ ಹೋದ್ರೆ ಇವತ್ತೇ ನಮ್ಮಣ್ಣ ನಾಯಿ ತಂದು ಬಿಡ್ತಾನೆ. ಆಮೇಲೆ ನನ್ನ ಕೇಳ್ಬೇಡಿ."

"ಅಪ್ಪಾ, ಗುಂಡನ್ನ ಮುಟ್ಟಬೇಡ," ಎಂದಳು ಮಗಳು ಶೂ ಹಾಕಿಕೊಳ್ಳುತ್ತ. ಒಂದೇ ರಾತ್ರಿಯಲ್ಲಿ ಹೆಸರೂ ಇಟ್ಟಾಗಿತ್ತು. "ಹೊಸ ಜಾಗ ಅಲ್ವಾ, ಹೆದರಿರುತ್ತೆ. ಮನೆ ಶಾಂತವಾಗಿರಬೇಕಂತೆ."

"ಹತ್ತು ವರ್ಷದಿಂದ ನಾನು ಅದನ್ನೇ ಹೇಳ್ತಿದೀನಿ. ಇಲಿ ಬರಬೇಕಾಯ್ತು ನಿನಗೆ ಅರ್ಥ ಆಗೋಕೆ."

ಮಿಕ್ಸಿ, ನಲ್ಲಿ, ಹೆಂಡತಿಯ ಫೋನು, ಮಗಳ ಪಾಠ ಎಲ್ಲ ನಡೆಯುತ್ತಿದ್ದಾಗ ಗುಂಡ ಕಾಗದದ ಚೂರುಗಳ ನಡುವೆ ಹದವಾಗಿ ಉಬ್ಬಿದ ಬನ್ನಿನಂತೆ ಮಲಗಿತ್ತು. ಅವರಿಬ್ಬರೂ ಹೋದರು. ಬಾಗಿಲು ಮುಚ್ಚಿತು. ಬ್ರೆಡ್ಡಣ್ಣ ಸೋಫಾದ ಮೇಲೆ ಒರಗಿ ಕಣ್ಣು ಮುಚ್ಚಿದ. ಕರಕರ ಸದ್ದಾಯಿತು. ಗುಂಡ ಎದ್ದು ಕಂಬಿ ಕಚ್ಚುತ್ತಿತ್ತು.

ಯಾವ ಸದ್ದಿಗೆ ಎಚ್ಚರವಾಯಿತು? ಬ್ರೆಡ್ಡಣ್ಣ ಕಿವಿಗೊಟ್ಟು ಕೇಳಿದ. ಗೋಡೆ ಗಡಿಯಾರ. ಅದರ ಸೆಲ್ ತೆಗೆದ. ಗುಂಡ ಇನ್ನಷ್ಟು ಜೋರಾಗಿ ಕಚ್ಚಿತು. ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಅದನ್ನೂ ಆರಿಸಿದ. ಗುಂಡ ಪಂಜರದೊಳಗಿನ ಆಟದ ಚಕ್ರ ಹತ್ತಿ ಓಡತೊಡಗಿತು. ಇನ್ನು ಹೊರಗಿನಿಂದ ಸಣ್ಣಗೆ ಕೇಳುತ್ತಿದ್ದದ್ದು ಎದುರು ಮನೆಯ ಟೈಲರಕ್ಕನ ಹೊಲಿಗೆ ಮೆಷಿನ್.

"ಅಕ್ಕಾ, ಸಂಜೆವರೆಗೆ ಸ್ವಲ್ಪ ಮೆಷಿನ್ ನಿಲ್ಲಿಸ್ತೀರಾ?"

"ಯಾಕೆ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

"ಇಲಿಗೆ ನಿದ್ದೆ ಬರ್ತಿಲ್ಲ."

ಅಳತೆ ತಪ್ಪಿದ ರವಿಕೆಯನ್ನು ನೋಡುವಂತೆ ಟೈಲರಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆದರೂ ನಿಲ್ಲಿಸಿದಳು. ಮೇಲಿನ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಶಿಳ್ಳೆ ಊದಿಕೊಂಡು ತಮಗೆ ತಾವೇ ಕವಾಯತು ಮಾಡಿಸುತ್ತಿದ್ದರು. ಅವರನ್ನೂ ಬೇಡಿಕೊಂಡದ್ದಾಯಿತು.

"ಇಡೀ ಶಾಲೇನ ಒಂದು ಶಿಳ್ಳೆಗೆ ಸುಮ್ಮನಿರಿಸಿದವನು ನಾನು," ಎಂದರು ಮೇಷ್ಟ್ರು. "ಈಗ ಇಲಿಗೋಸ್ಕರ ನಾನು ಸುಮ್ಮನಿರಬೇಕು. ಇರಲಿ."

ಈಗ ಮನೆಯಲ್ಲಿ ಬ್ರೆಡ್ಡಣ್ಣನ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಅದನ್ನೂ ಅವನು ಆದಷ್ಟು ಮೆಲ್ಲಗೆ ಬಿಡುತ್ತಿದ್ದ. ಗುಂಡನಿಗೆ ಮಾತ್ರ ಹುಚ್ಚು ಹಿಡಿದಂತಾಗಿತ್ತು. ಬೆಳಕು ಚುಚ್ಚುತ್ತಿರಬೇಕೆಂದು ಬ್ರೆಡ್ಡಣ್ಣ ಪರದೆ ಎಳೆದು, ಪಂಜರಕ್ಕೆ ಗಾಳಿಯಾಡುವಷ್ಟು ಸಂದು ಬಿಟ್ಟು ಕಪ್ಪು ಶಾಲು ಹೊದಿಸಿದ. ಒಳಗಿನಿಂದ ಚಕ್ರ ತಿರುಗುವ ಸದ್ದು, ಕಾಳು ಕೆದರುವ ಸದ್ದು, ಮತ್ತೆ ಕರಕರ. ಮಾಡಿದ ಉಪಾಯವೆಲ್ಲ ಉಲ್ಟಾ ಹೊಡೆಯುತ್ತಿರುವುದು ಯಾಕೆಂದು ನಿದ್ದೆಗೆಟ್ಟ ಅವನ ತಲೆಗೆ ಹೊಳೆಯಲಿಲ್ಲ.

ಕೆಲಸ ನಿಲ್ಲಿಸಿ ಬೇಸರ ಬಂದ ನೆರೆಯವರಿಬ್ಬರೂ ಮಧ್ಯಾಹ್ನ ಕಳೆದ ಮೇಲೆ ಒಟ್ಟಿಗೇ ಬಂದರು.

"ಒಂಟಿತನ ಕಣಪ್ಪ ಅದಕ್ಕೆ," ಎಂದಳು ಟೈಲರಕ್ಕ. "ಜೋಡಿ ತರ್ಬೇಕಿತ್ತು."

"ಒಂದು ಪಂಜರದಲ್ಲಿ ಎರಡಿಟ್ರೆ ಕಚ್ಚಾಡ್ತವಂತೆ, ಅಕ್ಕಾ."

"ನಿಮ್ಮನೇಲಿ ನೀವಿಬ್ರೂ ಇಲ್ವಾ?"

"ಶಿಸ್ತಿಲ್ಲ, ಅಷ್ಟೇ," ಎಂದರು ಮೇಷ್ಟ್ರು. "ಹೊತ್ತಿಗೆ ಸರಿಯಾಗಿ ಕವಾಯತು ಮಾಡಿಸಿದ್ರೆ ತಾನಾಗೇ ಮಲಗುತ್ತೆ."

"ನೀವು ಕವಾಯತು ಮಾಡಿಸಿದ ಹುಡುಗರು ಕ್ಲಾಸಲ್ಲೇ ಮಲಗ್ತಿದ್ರಲ್ಲ, ನನ್ನ ತಮ್ಮನೂ ಸೇರಿ," ಎಂದಳು ಟೈಲರಕ್ಕ.

ಮಾತು ಏರಿತು. ಟೈಲರಕ್ಕ ಮೇಜು ಕುಟ್ಟಿದಳು. ತಮ್ಮ ಮಾತು ಕೇಳಿಸದಾದಾಗ ಮೇಷ್ಟ್ರು ಅಭ್ಯಾಸಬಲದಿಂದ ಶಿಳ್ಳೆ ಊದಿದರು. ಇಬ್ಬರನ್ನೂ ಸುಮ್ಮನಾಗಿಸಲು ಬ್ರೆಡ್ಡಣ್ಣ ಅವರಿಬ್ಬರಿಗಿಂತ ಜೋರಾಗಿ ಕೂಗಿದ. ಕೂಗುತ್ತಿದ್ದಾಗಲೇ ಅವನಿಗೆ ಗೊತ್ತಾಯಿತು, ಪಂಜರದಿಂದ ಏನೂ ಕೇಳಿಸುತ್ತಿಲ್ಲ. ಶಾಲು ಎತ್ತಿದ. ಗುಂಡ ಮೂಲೆಯಲ್ಲಿ ಮುದುಡಿ ಬಿದ್ದಿತ್ತು. ಅಲುಗಾಟವಿಲ್ಲ.

"ಹೋಯ್ತು," ಎಂದಳು ಟೈಲರಕ್ಕ. "ನಿಮ್ಮ ಶಿಳ್ಳೆಗೆ ಎದೆ ಒಡೆದು ಹೋಯ್ತು."

"ನಿಮ್ಮ ಬಾಯಿಗೆ ಅನ್ನಿ."

ಆ ಜಗಳದ ನಡುವೆಯೇ ಕರೆಗಂಟೆ ಹೊಡೆಯಿತು. ಬಾಗಿಲಲ್ಲಿ ಆಶ್ರಯ ಕೇಂದ್ರದ ಮೇಡಂ. ಬ್ರೆಡ್ಡಣ್ಣನ ಕಣ್ಣಿಗೆ ಅವರ ಹಿಂದೆ ನಾಯಿ ಹಿಡಿದುಕೊಂಡ ಭಾವಮೈದುನನೂ ಕಂಡಂತಾಯಿತು.

"ಮೇಡಂ, ಒಂದೇ ದಿನಕ್ಕೆ ಕಳ್ಕೊಂಡ್ವಿ," ಎಂದ.

ಮೇಡಂ ಪಂಜರದ ಮುಂದೆ ಬಾಗಿದರು. ಹಿಂದೆ ನೆರೆಯವರಿಬ್ಬರ ಜಗಳ ನಡೆದೇ ಇತ್ತು. "ಇಲ್ಲಿ ಬನ್ನಿ, ಹೊಟ್ಟೆ ನೋಡಿ. ಉಸಿರಾಡ್ತಿದೆ. ಇದು ಗಾಢ ನಿದ್ದೆ. ಗೂಡೂ ಕಟ್ಕೊಂಡಿದೆ. ಇದಕ್ಕಿಂತ ಮೊದಲು ಕೊಟ್ಟ ಮನೆಗಳಿಂದೆಲ್ಲ, ಹಗಲು ಮಲಗಲ್ಲ ಅಂತ ವಾಪಸ್ ಬಂದಿತ್ತು. ನೀವು ಏನು ಮಾಡಿದ್ರಿ?"

ಈ ಮಾತಿಗೆ ಜಗಳವಾಡುತ್ತಿದ್ದವರೂ ಬಾಯಿ ಮುಚ್ಚಿದರು. ಕೋಣೆ ನಿಶ್ಶಬ್ದವಾಯಿತು. ಗುಂಡ ಕಿವಿ ನಿಮಿರಿಸಿ, ಎದ್ದು ಬಂದು ಕಂಬಿಗೆ ಬಾಯಿ ಹಾಕಿತು.

ಮೇಡಂ ಹಣೆ ಚಚ್ಚಿಕೊಂಡರು. "ಈಗ ಗೊತ್ತಾಯ್ತು," ಎಂದರು. "ಇದು ಬೆಳೆದಿದ್ದು ತಗಡಿನ ಡಬ್ಬ ಮಾಡೋರ ಅಂಗಡೀಲಿ. ಹಗಲೆಲ್ಲ ಸುತ್ತಿಗೆ ಸದ್ದು. ಅಂಗಡಿ ಮುಚ್ಚಿದ್ರೆ ಸದ್ದು ನಿಲ್ಲುತ್ತೆ. ಸದ್ದು ನಿಂತ್ರೆ ರಾತ್ರಿ ಆಯ್ತು, ಏಳೋ ಹೊತ್ತು ಅಂತ ಇದರ ಲೆಕ್ಕ. ಎಲ್ಲ ಮನೆಯವರಿಗೂ ಸದ್ದು ಮಾಡಬೇಡಿ ಅಂತ ಹೇಳಿ ಕಳಿಸಿದವಳು ನಾನೇ."

ಮೇಷ್ಟ್ರು ಕೂಡಲೇ ಒಂದು ತಟ್ಟೆ ತೆಗೆದುಕೊಂಡು ಚಮಚದಿಂದ ಬಡಿದರು. ಗುಂಡ ಗೂಡಿಗೆ ಮರಳಿ ಒಂದು ಸುತ್ತು ಸುತ್ತಿ ಮಲಗಿತು.

"ಇಟ್ಕೊಳ್ಳಿ, ನಿಮ್ಮದೇ," ಎಂದರು ಮೇಡಂ. "ಹಗಲು ಮನೆ ಹೀಗೇ ಇರಲಿ. ಮುಂದಿನ ವಾರ ಮತ್ತೆ ಬಂದು ನೋಡ್ತೀನಿ."

"ಅದಕ್ಕೇನಂತೆ," ಎಂದಳು ಟೈಲರಕ್ಕ. "ನಾಳೆಯಿಂದ ನನ್ನ ಮೆಷಿನ್ ಇಲ್ಲೇ ಹಾಕ್ತೀನಿ. ನಿಮ್ಮನೇಲಿ ಬೆಳಕೂ ಚೆನ್ನಾಗಿದೆ."

"ಬೆಳಗಿನ ಹೊತ್ತು ನನಗಿರಲಿ," ಎಂದರು ಮೇಷ್ಟ್ರು.

ಶಾಲೆಯಿಂದ ಬಂದ ಮಗಳು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಆ ಖುಷಿಯ ಮುಖ ನೋಡಿ ಬ್ರೆಡ್ಡಣ್ಣನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಹೆಂಡತಿ ಬಂದ ಮೇಲೆ ಮೆಲ್ಲಗೆ ಕೇಳಿದ: "ನಿಮ್ಮಣ್ಣನ ನಾಯಿ ನಡುನಡುವೆ ಸುಮ್ಮನೂ ಇರುತ್ತಲ್ವಾ?"

"ಆ ಮರೀನ ಬೇರೆಯವರು ತಗೊಂಡು ಹೋದ್ರಂತೆ. ಯಾಕ್ರೀ?"

"ಏನಿಲ್ಲ."

ಕತ್ತಲಾಗುತ್ತಿದ್ದಂತೆ ತಟ್ಟೆ ಬಡಿಯುವುದನ್ನು ನಿಲ್ಲಿಸಿ ನೆರೆಯವರಿಬ್ಬರೂ ಮನೆಗೆ ಹೋದರು. ಗುಂಡ ನಿದ್ದೆ ತುಂಬಿ ಎದ್ದು, ಎರಡೂ ಕೈಯಿಂದ ಮುಖ ಒರೆಸಿಕೊಂಡು, ಮಗಳ ಜೊತೆ ಅವಳ ಕೋಣೆ ಸೇರಿತು. ಬ್ರೆಡ್ಡಣ್ಣ ದಿನವಿಡೀ ಬಯಸಿದ್ದ ನಿಶ್ಶಬ್ದ ಕೊನೆಗೂ ಮನೆಯನ್ನು ತುಂಬಿತು. ಅವನು ಸೋಫಾದ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದ.

"ರೀ, ಏಳಿ," ಎಂದಳು ಹೆಂಡತಿ. "ಬೇಕರಿಗೆ ಹೊತ್ತಾಯ್ತು."